ಡ್ರೈಯರ್ ಪಾಯಿಂಟಿಗೆ ಎಷ್ಟಾಗುತ್ತದೆ

ಬಳ್ಳಾರಿಯಲ್ಲಿ ಬಟ್ಟೆ ಒಣಗಿಸುವುದಕ್ಕೆ ಮಷೀನು ಬೇಕು ಎಂದು ಯಾರಾದರೂ ಹೇಳಿದರೆ ನಗು ಬಾರದೆ ಇರುತ್ತದೆಯೇ? ನನಗೂ ಬಂತು. ನಮ್ಮೂರಲ್ಲಿ ಅಂಗಿ ಹಿಂಡಿ ಹಗ್ಗಕ್ಕೆ ಹಾಕಿ, ಒಂದು ಚಹಾ ಕುಡಿದು ಬರುವಷ್ಟರಲ್ಲಿ ಅದು ಹಪ್ಪಳದ ಹಾಗೆ ಗರಿಗರಿಯಾಗಿರುತ್ತದೆ. ಹೀಗಾಗಿ ಆ ಹೆಣ್ಣುಮಗಳು ಫೋನಿನಲ್ಲಿ, "ಡ್ರೈಯರಿಗೆ ಒಂದು ಪಾಯಿಂಟ್ ಹಾಕಬೇಕಾಗಿತ್ರಿ, ಎಷ್ಟಾಗ್ತೈತಿ?" ಎಂದು ಕೇಳಿದಾಗ ನಾನು ಬಾಯಿ ಮುಚ್ಚಿಕೊಂಡು ಇರಲಿಲ್ಲ. "ಯಾಕ್ರಮ್ಮಾ, ನಮ್ಮ ಸೂರ್ಯಗ ಏನಾಗೇತ್ರಿ? ಅವನು ಬಿಲ್ ಸೈತ ಕಳಸಂಗಿಲ್ಲ" ಎಂದೆ. ಆಕೆ ನಗಲಿಲ್ಲ. "ಒಂದ್ಸಲ ಬಂದು ನೋಡ್ರಿ ಭಾಯ್, ಆಮ್ಯಾಲ ಹೇಳ್ರಿ" ಎಂದಷ್ಟೇ ಹೇಳಿ ವಿಳಾಸ ಕೊಟ್ಟರು.

ವಿಳಾಸ ಕೇಳಿ ನನ್ನ ನಗುವೂ ನಿಂತಿತು. ಸಂಗನಕಲ್ಲಿಗೆ ಹೋಗುವ ರಸ್ತೆಯ ಕಡೆ ಇರುವ, ಮೂರು ಅಂತಸ್ತಿನ, ಇಪ್ಪತ್ನಾಲ್ಕು ಮನೆಗಳ ಅಪಾರ್ಟ್‌ಮೆಂಟು. ಅದರ ವೈರಿಂಗ್ ಮಾಡಿದವನು ನಾನೇ. ಹದಿನೇಳು ವರ್ಷದ ಹಿಂದೆ ಸಿರುಗುಪ್ಪದ ರೈಸ್ ಮಿಲ್ಲುಗಳಲ್ಲಿ ಮೋಟಾರು ರಿಪೇರಿ ಮಾಡುವುದನ್ನು ಬಿಟ್ಟು ಬಳ್ಳಾರಿಗೆ ಬಂದು, ನನ್ನ ಸ್ವಂತ ಜವಾಬ್ದಾರಿಯಲ್ಲಿ ಹಿಡಿದ ಮೊದಲ ದೊಡ್ಡ ಕೆಲಸ ಅದು. ಮುಗಿಸಿ ಬಂದ ಮೇಲೆ ಆ ಕಡೆ ತಲೆ ಹಾಕಿರಲಿಲ್ಲ. ಕರೆದರೂ ಬೇರೆಯವರನ್ನು ಕಳಿಸುತ್ತಿದ್ದೆ. ಈ ಸಲ ಯಾಕೋ ನಾನೇ ಹೋದೆ.

ಮನೆ ಮೂರನೆಯ ಅಂತಸ್ತಿನಲ್ಲಿತ್ತು. ಆಕೆ ಕುರುಗೋಡಿನ ಸರ್ಕಾರಿ ಶಾಲೆಯಲ್ಲಿ ಟೀಚರು. ಗಂಡ ಸಿರುಗುಪ್ಪದ ಒಂದು ರೈಸ್ ಮಿಲ್ಲಿನಲ್ಲಿ ಗುಮಾಸ್ತರಾಗಿದ್ದವರು, ಬೈಕಿನಿಂದ ಬಿದ್ದು ಬೆನ್ನುಹುರಿ ಪೆಟ್ಟಾಗಿ ಒಂದು ವರ್ಷದಿಂದ ಮಲಗಿದಲ್ಲೇ ಇದ್ದರು. ಸೊಂಟದ ಕೆಳಗೆ ಸ್ಪರ್ಶವಿಲ್ಲ, ಮೂತ್ರದ ಮೇಲೆ ಹತೋಟಿಯಿಲ್ಲ. ಬಾಯಿ ಮಾತ್ರ ಭರ್ಜರಿ. ನಾನು ಒಳಗೆ ಕಾಲಿಡುತ್ತಲೇ ಕಬ್ಬಿಣದ ಮಂಚದ ಮೇಲಿಂದ, "ಬರ್ರಿ ಭಾಯ್, ಎದ್ದು ನಿಂತು ಮರ್ಯಾದಿ ಕೊಡಬೇಕಿತ್ತು, ಈ ವರ್ಷ ಆಗಂಗಿಲ್ಲ, ಮುಂದಿನ ವರ್ಷ ನೋಡೋಣ" ಎಂದರು. ಸಿರುಗುಪ್ಪದವನು ಎಂದು ಗೊತ್ತಾದ ಮೇಲಂತೂ ಬಿಡಲಿಲ್ಲ. ಕೆಂಚನಗುಡ್ಡದಲ್ಲಿ ಹೊಳೆ ಈಜಿದ್ದು, ಮಿಲ್ಲಿನ ತವಡಿನ ವಾಸನೆ, ಯಾವ ಹೋಟೆಲಿನ ಒಗ್ಗರಣಿ ಮಂಡಕ್ಕಿ, ಎಲ್ಲ ಒಂದೇ ಉಸಿರಿನಲ್ಲಿ ಬಂತು.

ಟೀಚರು ಬಾಲ್ಕನಿಯ ಹಗ್ಗದಿಂದ ಒಂದು ಬಿಳಿ ಚಾದರ ತೆಗೆದು ತಂದು ನನ್ನ ಮುಂದೆ ಹಿಡಿದರು. ಬೆರಳು ಆಡಿಸಿದರೆ ಕಪ್ಪು ಗೆರೆ. ಆಷಾಢದ ಗಾಳಿ ಎದ್ದಿತ್ತು, ಊರಿನ ಸುತ್ತಲಿನ ಕಬ್ಬಿಣದ ಫ್ಯಾಕ್ಟರಿಗಳ ಮಸಿ ನಮ್ಮೆಲ್ಲರ ಮಾಳಿಗೆಗಳ ಮೇಲೂ ಬೀಳುತ್ತಿತ್ತು. ನಾವಾದರೆ ಕೊಡವಿ ಉಟ್ಟುಕೊಳ್ಳುತ್ತೇವೆ.

"ಇವ್ರಿಗೆ ಬೆನ್ನಿನ ಕೆಳಗ ಹುಣ್ಣಾಗ್ಯಾವ್ರಿ" ಎಂದರು ಟೀಚರು. "ದಿನಕ್ಕ ಏಳೆಂಟು ಚಾದರ ಬದಲಿ ಮಾಡಬೇಕು. ಈ ಧೂಳು ಹುಣ್ಣಿಗೆ ಹತ್ತಬಾರದು, ಹಸಿ ಬಟ್ಟಿನೂ ಹಾಸಬಾರದು ಅಂತ ಡಾಕ್ಟರು ಹೇಳ್ಯಾರ. ಹುಣ್ಣು ಎಲುಬಿಗೆ ಮುಟ್ಟಿದ್ರ ನಮ್ಮ ಕೈಯಾಗಿಲ್ಲ ಅಂದಾರ. ಒಳಗ ಫ್ಯಾನ್ ಕೆಳಗ ಒಣಗಿಸಿ, ನಾಕು ಗಂಟೆಗೆ ಎದ್ದು ಇಸ್ತ್ರಿ ಹೊಡೀತೀನಿ. ಏಳೂವರೆ ಬಸ್ಸು ಹಿಡೀಬೇಕು. ಆಗ್ವಲ್ದು ಭಾಯ್."

ಅವರ ಅಣ್ಣಂದಿರು ಕೂಡಿ ಡ್ರೈಯರು ಕೊಡಿಸಿದ್ದರು. ಅದು ಅಡುಗೆಮನೆಯ ಹಿಂದಿನ ಬಟ್ಟೆ ಒಗೆಯುವ ಜಾಗದಲ್ಲಿ ಡಬ್ಬಿ ಬಿಚ್ಚದೆ ನಿಂತಿತ್ತು. ಒಬ್ಬ ವೈರ್‌ಮನ್ ಬಂದು ಎಂಟುನೂರು ರೂಪಾಯಿಗೆ ಪಾಯಿಂಟ್ ಹಾಕಿಕೊಡುತ್ತೇನೆ ಎಂದು ಹೇಳಿ ಹೋಗಿದ್ದನಂತೆ. ಹೇಗೆ ಎಂದರೆ, ಅಡುಗೆಮನೆಯ ಮಿಕ್ಸಿ ಪಾಯಿಂಟಿನಿಂದ ಒಂದು ಕೊಂಡಿ ಎಳೆದು. ನನ್ನ ಮೈಯೆಲ್ಲ ಉರಿದುಹೋಯಿತು. ಆ ಡ್ರೈಯರು ಎರಡೂವರೆ ಸಾವಿರ ವ್ಯಾಟಿನದು. ಮಿಕ್ಸಿಗೆ ಎಳೆದ ಸಣ್ಣ ವೈರಿನ ಮೇಲೆ ಅದನ್ನು ದಿನಕ್ಕೆ ನಾಲ್ಕು ತಾಸು ಓಡಿಸಿದರೆ ಗೋಡೆಯೊಳಗೆ ವೈರು ಬೆಂದುಹೋಗುತ್ತದೆ. "ಎಂಟುನೂರಕ್ಕ ಅಂವ ಪಾಯಿಂಟ್ ಹಾಕಂಗಿಲ್ರಿ, ಬೆಂಕಿ ಹಾಕ್ತಾನ" ಎಂದೆ. ಮಂಚದ ಮೇಲಿಂದ ಅವರು, "ಹಾಕ್ಲಿ ಬಿಡ್ರಿ, ಚಾದರಾನೂ ಒಣಗ್ತಾವ, ನಾನೂ ಒಣಗ್ತೀನಿ" ಎಂದರು. ಟೀಚರು ಗಂಡನ ಕಡೆ ಒಂದು ನೋಟ ನೋಡಿದರು.

ನಾನು ಕಾಗದದ ಮೇಲೆ ಲೆಕ್ಕ ಹಾಕಿದೆ. ಹಾಲಿನಲ್ಲಿರುವ ಮೇನ್ ಬೋರ್ಡಿನಿಂದ ಡ್ರೈಯರಿನವರೆಗೆ ಹದಿನಾಲ್ಕು ಮೀಟರು. ನಾಲ್ಕು ಚದರ ಮಿಲಿಮೀಟರಿನ ದಪ್ಪ ವೈರು ಮೂರು ಎಳೆ, ಗೋಡೆಯೊಳಗಿನ ಪೈಪು ತುಂಬಿಹೋಗಿದ್ದರಿಂದ ಮೇಲಿಂದಲೇ ಪ್ಲಾಸ್ಟಿಕ್ ಪಟ್ಟಿ, ಇದಕ್ಕೇ ಬೇರೆ, ಲೋಡು ಹೆಚ್ಚಾದರೆ ಬೀಳುವ ಇಪ್ಪತ್ತು ಆಂಪಿಯರಿನ ಎಂಸಿಬಿ, ಕರೆಂಟ್ ಸೋರಿದರೆ ತಾನೇ ಬೀಳುವ ಇನ್ನೊಂದು ಸ್ವಿಚ್ಚು, ದೊಡ್ಡ ಸಾಕೆಟ್ಟು. ಮನೆಗೆ ಮಂಜೂರಾದ ಲೋಡು ಮೂರು ಕಿಲೋವ್ಯಾಟು, ಅದನ್ನು ಐದಕ್ಕೆ ಏರಿಸಬೇಕು, ಅದಕ್ಕೆ ಡಿಪಾಜಿಟ್ಟು, ಜೊತೆಗೆ ಅಪಾರ್ಟ್‌ಮೆಂಟಿನ ಸಂಘದ ಒಪ್ಪಿಗೆ ಪತ್ರ. ಎಲ್ಲ ಸೇರಿ ಹದಿನಾರು ಸಾವಿರ. ಟೀಚರು ಕಾಗದ ಎರಡು ಸಲ ಓದಿ, "ಸಾಕೆಟ್ಟು ಎಷ್ಟಿನದು?" ಎಂದರು. "ಇನ್ನೂರರದು." "ಉಳಿದದ್ದೆಲ್ಲಾ ಅದನ್ನ ಗ್ವಾಡಿಗೆ ಕೂಡ್ರಸಾಕ?" ಎಂದರು. ಹೌದು ಎಂದೆ. "ಮಾಡ್ರಿ" ಎಂದು ಅರ್ಧ ಹಣ ಕೈಗಿಟ್ಟರು.

ಮರುದಿನ ಬೆಳಿಗ್ಗೆ ಆರೂವರೆಗೆ, ಅವರು ಬಸ್ಸಿಗೆ ಹೊರಡುವ ಮೊದಲು ಹೋದೆ. ವಾಷಿಂಗ್ ಮಷೀನಿನ ಮುಂದೆ ಒಂದು ಮರದ ಹಲಗೆ ಹಾಕಿತ್ತು. ಟೀಚರು ಅದರ ಮೇಲೆ ಚಪ್ಪಲಿ ಹಾಕಿಕೊಂಡು ನಿಂತು ಬಟ್ಟೆ ತೆಗೆಯುತ್ತಿದ್ದರು.

"ಇದೇನ್ರಿ, ಮಣಿ ಮ್ಯಾಲ ನಿಂತೀರಿ?"

"ಮುಂಜಾನಿ ಹೊತ್ತು ಮಷೀನು ಮುಟ್ಟಿದ್ರ ಜುಮ್ ಅಂತೈತ್ರಿ. ಈ ಬಿಲ್ಡಿಂಗ್ನಾಗ ಎಲ್ಲಾರ ಮನ್ಯಾಗೂ ಹಲಗಿ ಅದಾವ. ಮನಿ ಖರೀದಿ ಮಾಡಿದಾಗ ಹಳೇ ಓನರು ಕೀಲಿಕೈ ಜೋಡಿ ಹಲಗಿನೂ ಕೊಟ್ಟು ಹೋದ್ರು."

ಮಂಚದಿಂದ ಗಂಡನ ನಗು ಕೇಳಿಸಿತು. ನನಗೆ ನಗು ಬರಲಿಲ್ಲ. ಮೀಟರು ತೆಗೆದು ಸಾಕೆಟ್ಟಿನ ಮೂರನೇ ಪಿನ್ನಿಗೂ ನಲ್ಲಿಗೂ ಹಿಡಿದೆ. ಸೊನ್ನೆ ಇರಬೇಕಾದ ಜಾಗದಲ್ಲಿ ಎಪ್ಪತ್ತು ವೋಲ್ಟು. ನೋಡನೋಡುತ್ತ ತೊಂಬತ್ತಾಯಿತು, ಕೆಳಗೆಲ್ಲೋ ಯಾರೋ ಗೀಜರು ಹಾಕಿರಬೇಕು. ನೂರು ವ್ಯಾಟಿನ ಬಲ್ಬೊಂದನ್ನು ಕರೆಂಟ್ ಬರುವ ತಂತಿಗೂ ಮೂರನೇ ಪಿನ್ನಿಗೂ ಸೇರಿಸಿದೆ. ಅರ್ಥ್ ಸರಿಯಿದ್ದರೆ ಬಲ್ಬು ಕಣ್ಣು ಕುಕ್ಕುವಂತೆ ಉರಿಯಬೇಕು. ಇದು ಬೀಡಿಯ ತುದಿಯಷ್ಟು ಕೆಂಪಾಗಿ ನಿಂತಿತು.

ಗೊತ್ತಿಲ್ಲದವರಿಗೆ ಇದನ್ನು ಬಿಡಿಸಿ ಹೇಳಬೇಕು. ಪ್ರತಿ ಮನೆಯ ಮೂರನೇ ಪಿನ್ನಿನಿಂದಲೂ ಒಂದು ಹಸಿರು ತಂತಿ ಹೊರಟು, ಎಲ್ಲ ಒಂದೇ ಪಟ್ಟಿಗೆ ಕೂಡಿ, ಕೆಳಗೆ ನೆಲದೊಳಗೆ ಹೂತ ಪೈಪಿಗೆ ಹೋಗುತ್ತದೆ; ಅರ್ಥ್ ಎಂದರೆ ಇದೇ. ಯಾವ ಮನೆಯ ಮಷೀನಿನಲ್ಲಿ ಕರೆಂಟ್ ಸೋರಿದರೂ ಅದು ಆ ದಾರಿಯಲ್ಲಿ ನೆಲಕ್ಕಿಳಿಯಬೇಕು. ನೆಲಕ್ಕೆ ದಾರಿಯೇ ಇಲ್ಲದಿದ್ದರೆ ಅದೇ ಹಸಿರು ತಂತಿ ಒಬ್ಬರ ಮನೆಯ ಸೋರಿಕೆಯನ್ನು ಇಪ್ಪತ್ನಾಲ್ಕು ಮನೆಗೂ ಹಂಚುತ್ತದೆ. ನಾನು ಹಾಕಬೇಕೆಂದಿದ್ದ ಆ ತಾನೇ ಬೀಳುವ ಸ್ವಿಚ್ಚು ಈ ಮನೆಯ ಸೋರಿಕೆಯನ್ನು ಹಿಡಿದೀತು, ಕೆಳಗಿನ ಮನೆಯಿಂದ ಹಸಿರು ತಂತಿ ಹತ್ತಿ ಬರುವುದನ್ನು ಅದು ತಡೆಯುವುದಿಲ್ಲ. ಒದ್ದೆ ಕೈಯಲ್ಲಿ ಒಂದು ಕಡೆ ಕಬ್ಬಿಣದ ಡ್ರೈಯರು, ಇನ್ನೊಂದು ಕಡೆ ಕಬ್ಬಿಣದ ಮಂಚ ಮುಟ್ಟುವ ಮನೆ ಅದು.

ಕೆಳಗೆ ಹೋಗಿ ಕಾಂಪೌಂಡಿನ ಮೂಲೆಯ ಸಿಮೆಂಟಿನ ಮುಚ್ಚಳ ಎತ್ತಿದೆ. ಎಲ್ಲಿದೆ ಎಂದು ವಾಚ್‌ಮನ್ನನ್ನು ಕೇಳುವ ಅಗತ್ಯ ನನಗಿರಲಿಲ್ಲ.

ಹದಿನೇಳು ವರ್ಷದ ಹಿಂದೆ ಆ ಕುಣಿಯಲ್ಲಿ ಹತ್ತು ಅಡಿಯ ಪೈಪು ಇಳಿಯಬೇಕಿತ್ತು. ಎರಡೂವರೆ ಅಡಿಗೆ ಬಂಡೆ ಸಿಕ್ಕಿತು. ಗುದ್ದಲಿ ಹಾಕಿದರೆ ಕಿಡಿ ಹಾರುತ್ತಿತ್ತು. ಕಟ್ಟಡದ ಮಾಲೀಕ, ಈಗ ಅವನಿಲ್ಲ, "ಏ ಸಾಬ್ರ, ಪೈಪು ಕೊಯ್ದು ಹಾಕ್ರಿ, ನೆಲದಾಗ ಇಣುಕಿ ನೋಡೋರು ಯಾರು" ಎಂದ. ಕೊಯ್ದೆ. ಎರಡೂವರೆ ಅಡಿ ಹೂತು, ಸುತ್ತ ಇದ್ದಿಲು, ಉಪ್ಪು ತುಂಬಿದೆ. ವಿದ್ಯುತ್ ಇಲಾಖೆಯ ತಪಾಸಣೆಯ ದಿನ ಬೆಳಗಿನ ಜಾವದಿಂದ ಗಂಟೆಗೆ ಎರಡು ಕೊಡದಂತೆ ಉಪ್ಪುನೀರು ಹೊಯ್ದೆ. ನೀರು ಹೊಯ್ದರೆ ಎಂಥ ಕುಣಿಯೂ ಒಂದು ದಿನ ಒಳ್ಳೆಯ ರೀಡಿಂಗ್ ಕೊಡುತ್ತದೆ. ಈ ಕಸುಬಿನಲ್ಲಿ ಇದು ಎಲ್ಲರಿಗೂ ಗೊತ್ತು, ಯಾರೂ ಬಾಯಿಬಿಡುವುದಿಲ್ಲ. ಬಂದವರು ಮೀಟರು ನೋಡಿದರು, ಸಹಿ ಹಾಕಿದರು. ಅವರದೇನೂ ತಪ್ಪಿಲ್ಲ. ಉಳಿದ ಏಳೂವರೆ ಅಡಿ ಪೈಪನ್ನು ಮನೆಗೆ ಒಯ್ದು ಹಿತ್ತಲಲ್ಲಿ ನೆಟ್ಟೆ. ನನ್ನ ಹೆಂಡತಿ ಇವತ್ತಿಗೂ ಅದಕ್ಕೇ ಹಗ್ಗ ಕಟ್ಟಿ ಬಟ್ಟೆ ಒಣಹಾಕುತ್ತಾಳೆ.

ಮುಚ್ಚಳ ತೆಗೆದಾಗ ಒಳಗೆ ಏನಿತ್ತು? ಒಣಮಣ್ಣು, ತುಕ್ಕು ತಿಂದ ಪೈಪಿನ ಬಾಯಿ. ಕೈಯಿಂದ ಅಲುಗಿಸಿದರೆ ಪೈಪು ಹಲ್ಲಿನ ಹಾಗೆ ಅಲುಗಾಡಿತು. ಹದಿನೇಳು ವರ್ಷ ಯಾರಿಗೂ ಏನೂ ಆಗಿಲ್ಲವಲ್ಲ ಎಂದು ಮೊದಲು ಸಮಾಧಾನವಾಯಿತು, ಆಮೇಲೆ ಆ ಸಮಾಧಾನಕ್ಕೇ ಥೂ ಎಂದುಕೊಂಡೆ.

ಸಂಘದ ಸೆಕ್ರೆಟರಿ ನೆಲಮಹಡಿಯಲ್ಲೇ ಇದ್ದರು, ನಿವೃತ್ತ ನೌಕರರು. ಕುಣಿ ಒಣಗಿ ಅರ್ಥ್ ಹೋಗಿದೆ ಎಂದಷ್ಟೇ ಹೇಳಿದೆ, ಮಾಡಿದವನು ನಾನು ಎಂದು ಹೇಳಲಿಲ್ಲ. ಅವರು ಗಲ್ಲ ಕೆರೆದುಕೊಂಡರು.

"ಇಡೀ ಬಿಲ್ಡಿಂಗಿಗೆ ಅಂದ್ರ ಎಲ್ಲಾರ ಹತ್ರ ರೊಕ್ಕ ಎತ್ತಬೇಕು. ಅರ್ಧ ಮಂದಿ ಮೆಂಟೆನೆನ್ಸೇ ಕೊಟ್ಟಿಲ್ಲ. ಟೀಚರಮ್ಮಗ ಅಷ್ಟ ಬ್ಯಾರೆ ಅರ್ಥ್ ಮಾಡಿಕೊಟ್ಟು ಕೈ ತೊಳಕೊಳ್ರಿ. ಹಿಂದಿನ ಗ್ವಾಡಿಯಿಂದ ಒಂದು ವೈರ್ ಇಳಿಸ್ರಿ, ಕುಣಿ ತೋಡಾಕ ನಾನು ಪರ್ಮಿಷನ್ ಕೊಡ್ತೀನಿ."

"ಕಲ್ಲೈತ್ರಿ, ಡ್ರಿಲ್ ಹೊಡೀಬೇಕು. ಮೂರು ದಿನ ಬೇಕು."

"ತಗೋರಿ ಮೂರು ದಿನ."

ಅದು ತಪ್ಪು ಸಲಹೆಯೇನಲ್ಲ. ಟೀಚರ ಹಸಿರು ತಂತಿಯನ್ನು ಕಟ್ಟಡದ ಪಟ್ಟಿಯಿಂದ ಬಿಡಿಸಿ ಸ್ವತಂತ್ರ ಅರ್ಥಿಗೆ ಕಟ್ಟಿದರೆ ಅವರ ಮನೆ ಸುರಕ್ಷಿತ. ಡ್ರೈಯರು ಓಡುತ್ತದೆ, ಆ ಮನುಷ್ಯನ ಬೆನ್ನಿನ ಕೆಳಗೆ ಬಿಸಿಯಾದ ಒಣ ಚಾದರ ಬೀಳುತ್ತದೆ. ಅದು ಗುರುವಾರ. ವೈರು ತಂದೆ, ಎರಡು ದಿನದಲ್ಲಿ ಮನೆಯೊಳಗಿನ ಹದಿನಾಲ್ಕು ಮೀಟರು ಎಳೆದು ಪಟ್ಟಿ ಬಿಗಿದೆ, ಸಾಕೆಟ್ಟು ಕೂರಿಸಿದೆ. ಸೋಮವಾರ ಡ್ರಿಲ್ಲಿನವರು ಬರುವುದು, ಬುಧವಾರ ಡ್ರೈಯರು ಓಡುವುದು ಎಂದು ಮಾತಾಯಿತು. ಮಂಚದ ಮೇಲಿನವರು ಪ್ರತಿ ಮೊಳೆಗೂ ಒಂದು ಟೀಕೆ ಮಾಡುತ್ತಿದ್ದರು. "ಭಾಯ್, ಪಟ್ಟಿ ಸೊಟ್ಟ ಬಂತು. ನಾನು ದಿನಾ ನೋಡೋದು ಅದೊಂದ ಗ್ವಾಡಿ, ನೆಟ್ಟಗ ಹೊಡೀರಿ." ಬಿಚ್ಚಿ ನೆಟ್ಟಗೆ ಹೊಡೆದೆ.

ಆದರೆ ಉಳಿದ ಇಪ್ಪತ್ತಮೂರು ಮನೆಗಳು ನನ್ನ ತಲೆಯಿಂದ ಇಳಿಯಲಿಲ್ಲ. ಮೆಟ್ಟಿಲಲ್ಲಿ ಒದ್ದೆ ತಲೆಯ ಮಕ್ಕಳು ಎದುರಾದರೆ ಅವರ ಬಚ್ಚಲಿನ ಗೀಜರು ಕಣ್ಣ ಮುಂದೆ ಬರುತ್ತಿತ್ತು. ಶುಕ್ರವಾರ ನಮಾಜಿಗೆ ನಿಂತಾಗಲೂ ತೊಂಬತ್ತು ವೋಲ್ಟು ಎಂದೇ ಮನಸ್ಸು ಹೇಳುತ್ತಿತ್ತು. ಭಾನುವಾರ ಬೆಳಿಗ್ಗೆ ಪಾರ್ಕಿಂಗಿನಲ್ಲಿ ಸಂಘದ ತಿಂಗಳ ಮೀಟಿಂಗು. ಮುಂದಿನದು ಇನ್ನೊಂದು ತಿಂಗಳಿಗೆ. ಅಷ್ಟು ದಿನ ಕಾಯುವುದು ಪಾಪ ಎಂದು ನನಗೆ ನಾನೇ ಹೇಳಿಕೊಂಡು ಹೋದೆ.

ಕುರ್ಚಿಗಳ ಮುಂದೆ ನಿಂತು ಎಲ್ಲ ಹೇಳಿದೆ. ಅರ್ಥ್ ಇಲ್ಲ, ಹಲಗೆಯ ಮೇಲೆ ನಿಲ್ಲುವುದು ಚಾಳಿಯಲ್ಲ, ಅದು ಎಚ್ಚರಿಕೆ, ಗೀಜರು ಬಂದ್ ಮಾಡಿಯೇ ಸ್ನಾನ ಮಾಡಿ, ವಾಚ್‌ಮನ್ ದಿನಾ ಬೆಳಿಗ್ಗೆ ಕುಣಿಗೆ ನಾಲ್ಕು ಬಕೆಟ್ ನೀರು ಹಾಕಲಿ ಎಂದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. "ಪೈಪು ಕೊಯ್ದು ಹಾಕಿದವ ನಾನ. ತಪಾಸಣಿ ದಿನ ಉಪ್ಪುನೀರು ಹೊಯ್ದವನೂ ನಾನ. ಈಗ ಕೂಲಿ ಇಲ್ದ ಸರಿ ಮಾಡಿಕೊಡ್ತೀನಿ" ಎಂದುಬಿಟ್ಟೆ. ಹೇಳಿ ಮುಗಿದ ಮೇಲೆ ಎದೆ ಹಗುರಾಯಿತು. ಹಿಂದಿನ ಸಾಲಿನಲ್ಲಿ ಕೂತಿದ್ದ ಟೀಚರು ನನ್ನ ಮುಖವನ್ನೇ ನೋಡುತ್ತಿದ್ದರು.

ಆಮೇಲೆ ಗದ್ದಲ. ಒಬ್ಬರು ಪೊಲೀಸ್ ಕಂಪ್ಲೇಂಟ್ ಎಂದರು. ಇನ್ನೊಬ್ಬರು, "ಏನೂ ಇಲ್ಲ, ಇಪ್ಪತ್ನಾಲ್ಕು ಮನಿ ಕೆಲಸ ಹಿಡಿಯೋ ಧಂದಾ ಇದು" ಎಂದರು. ಮನೆ ಮಾರಲು ಇಟ್ಟಿದ್ದವರೊಬ್ಬರು, ಈ ಸುದ್ದಿ ಹೊರಗೆ ಹೋದರೆ ರೇಟು ಬೀಳುತ್ತದೆ ಎಂದು ನನ್ನ ಮೇಲೆ ಏರಿ ಬಂದರು. ಕೊನೆಗೆ ಸೆಕ್ರೆಟರಿ ಎದ್ದು ನಿಂತು, ಬೇರೆ ಕಡೆಯಿಂದ ಪರೀಕ್ಷೆ ಮಾಡಿಸಿ, ಮೂರು ಕೊಟೇಶನ್ ತರಿಸಿ, ಎಲ್ಲರ ಸಹಿ ಆಗುವವರೆಗೆ ಈ ಆವರಣದಲ್ಲಿ ಯಾರೂ ಒಂದು ವೈರನ್ನೂ ಎಳೆಯಕೂಡದು, ಒಂದು ಕುಣಿಯನ್ನೂ ತೋಡಕೂಡದು ಎಂದು ಬರೆಸಿದರು. ಮೀಟರ್ ಕೋಣೆಗೆ ಬೀಗ ಬಿತ್ತು.

"ಟೀಚರಮ್ಮನ ಕೆಲಸಾನಾದ್ರೂ ಮುಗಿಸಾಕ ಬಿಡ್ರಿ" ಎಂದು ಕೇಳಿಕೊಂಡೆ. "ನಿಮ್ಮನ್ನ ಒಳಗ ಬಿಟ್ಟಿದ್ದ ತಪ್ಪಾತು" ಎಂದರು.

ಆ ರಾತ್ರಿ ನನಗೆ ಚೆನ್ನಾಗಿ ನಿದ್ದೆ ಬಂತು. ಹೇಳಲು ನಾಚಿಕೆಯಾಗುತ್ತದೆ, ಆದರೆ ಬಂದದ್ದು ಹೌದು. ಎಷ್ಟೋ ವರ್ಷದ ಹೊರೆ ಇಳಿಸಿದವನ ನಿದ್ದೆ.

ಸೋಮವಾರ ಟೀಚರು ಶಾಲೆಗೆ ರಜೆ ಹಾಕಿ ನನ್ನ ಮನೆಗೇ ಬಂದರು. ಚಹಾ ಮುಟ್ಟಲಿಲ್ಲ. "ಭಾಯ್, ವೈರ್ ಎಳದೀರಿ, ಸಾಕೆಟ್ ಕುಂತೈತಿ. ಬೋರ್ಡು ನಮ್ಮ ಮನ್ಯಾಗ ಐತಿ. ಆ ಎರಡು ತುದಿ ಕೂಡಿಸಿಬಿಡ್ರಿ. ಲೋಡು ಏರೋತನ ಎಸಿ ಬಂದ್ ಮಾಡಿ ನಡಸ್ತೀನಿ. ಅರ್ಥ್ ಇಲ್ಲಂದ್ರ ಇಲ್ಲ. ಹಲಗಿ ಮ್ಯಾಲ ನಿಂತು ನಡಸ್ತೀನಿ, ಇಷ್ಟು ವರ್ಷ ಎಲ್ಲಾರೂ ನಿಂತಿಲ್ಲೇನು?"

"ಆಗಂಗಿಲ್ರೀಯಮ್ಮಾ. ಒಂದ್ಸಲ ತಪ್ಪು ಮಾಡೀನಿ, ಇನ್ನೊಂದ್ಸಲ ಮಾಡಂಗಿಲ್ಲ."

"ತಪ್ಪು ನನ್ನ ಮ್ಯಾಲ ಬರಕೊಡ್ತೀನಿ."

"ಬರಕೊಟ್ರ ಕರೆಂಟ್ ಓದಂಗಿಲ್ರಿ."

ಆಕೆ ಎದ್ದು ನಿಂತರು. ಕಣ್ಣ ಕೆಳಗೆ ಕಪ್ಪಾಗಿತ್ತು. "ಹುಣ್ಣು ನಿನ್ನೆ ಇನ್ನೊಂದು ಬೆರಳು ಅಗಲ ಆಗೇತಿ" ಎಂದಷ್ಟೇ ಹೇಳಿ ಹೋದರು. ನಾನು ಹೇಳಿದ್ದು ಕಸುಬಿನ ಪ್ರಕಾರ ಸರಿ. ಈಗಲೂ ಯಾರಾದರೂ ಕೇಳಿದರೆ ಅದನ್ನೇ ಹೇಳುತ್ತೇನೆ. ಆದರೆ ಆ ಸೋಮವಾರ ಡ್ರಿಲ್ಲಿನವರು ಬರಬೇಕಿತ್ತು ಎಂಬುದು ಆಕೆಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಎರಡು ದಿನ ಅವರ ಚಾದರಗಳನ್ನು ಗೇಟಿನಲ್ಲೇ ಇಸಿದುಕೊಂಡು ಸ್ಕೂಟರಿನಲ್ಲಿ ನಮ್ಮ ಮನೆಗೆ ತಂದೆ. ಹೆಂಡತಿ ಒಳಗಿನ ಕೋಣೆಯಲ್ಲಿ ಒಣಗಿಸಿ ಇಸ್ತ್ರಿ ಮಾಡಿ ಕೊಟ್ಟಳು. ಅಷ್ಟರಲ್ಲಿ ಸಿರುಗುಪ್ಪದ ಹಳೆಯ ಮಿಲ್ಲಿನವರ ಕರೆ ಬಂತು. ಭತ್ತ ಒಣಗಿಸುವ ದೊಡ್ಡ ಡ್ರೈಯರಿನ ಬ್ಲೋವರ್ ಮೋಟಾರು ಸುಟ್ಟಿದೆ, ಪ್ಯಾನೆಲ್ ಪೂರ್ತಿ ಬದಲಿಸಬೇಕು, ಹತ್ತು ಹನ್ನೆರಡು ದಿನದ ಕೆಲಸ. ಅಪಾರ್ಟ್‌ಮೆಂಟಿನಲ್ಲಿ ನನಗೆ ಕಾಲಿಡಲೂ ಬಿಡುವುದಿಲ್ಲ, ಮನೆಯೂ ನಡೆಯಬೇಕು. "ಚಾದರ ನಾನು ನೋಡ್ಕೋತೀನಿ, ನೀವು ಹೋಗ್ರಿ" ಎಂದಳು ಹೆಂಡತಿ. ಆದರೆ ತಂದು ಒಯ್ಯುವವರು ಯಾರು? ಆಕೆಗೆ ಮಂಡಿನೋವು, ಊರಿನ ಈ ಕಡೆಯಿಂದ ಆ ಕಡೆ. ನಾಲ್ಕನೇ ದಿನಕ್ಕೆ ಅದು ನಿಂತಿತು. ನನಗೆ ಫೋನಿನಲ್ಲಿ ಹೇಳಿದಳು. ಏನಾದರೂ ವ್ಯವಸ್ಥೆ ಮಾಡೋಣ ಎಂದೆ. ಮಾಡಲಿಲ್ಲ.

ಮಿಲ್ಲಿನಲ್ಲಿ ಹನ್ನೊಂದನೇ ದಿನ ಹೊಸ ಪ್ಯಾನೆಲ್ ಚಾಲು ಮಾಡಿದೆವು. ಬಿಸಿಗಾಳಿ ಎದ್ದು ಭತ್ತದ ಹಬೆ ಮೇಲೇರುತ್ತಿರುವಾಗ ಸೆಕ್ರೆಟರಿಯ ಫೋನು ಬಂತು. ಧ್ವನಿ ಮೆತ್ತಗಾಗಿತ್ತು. ಅವರು ಕರೆಸಿದ ಇಂಜಿನಿಯರು ಅಳೆದು ನೋಡಿ, ನಾನು ಹೇಳಿದ್ದು ಪೂರ್ತಿ ನಿಜ, ತಡಮಾಡಬೇಡಿ ಎಂದನಂತೆ. ಎಲ್ಲರೂ ಸಹಿ ಹಾಕಿದ್ದಾರೆ, ಸಾಮಾನು ನಮ್ಮದು, ಕೂಲಿ ಬೇಡ ಎಂದಿದ್ದಿರಲ್ಲ, ಬನ್ನಿ ಎಂದರು. "ಟೀಚರಮ್ಮನವರ ಯಜಮಾನ್ರು ಹೆಂಗದಾರ್ರಿ?" ಎಂದು ಕೇಳಿದೆ. "ನಿಮಗ ಗೊತ್ತಿಲ್ಲೇನು? ಆಸ್ಪತ್ರಿಗೆ ಒಯ್ದಿದ್ರು. ರಕ್ತಕ್ಕ ನಂಜು ಏರಿತ್ತಂತ. ಮೊನ್ನೆ ಮುಗೀತು."

ನಾನು ಮಿಲ್ಲಿನ ಅಂಗಳದಲ್ಲಿ ತವಡಿನ ಚೀಲದ ಮೇಲೆ ಕೂತುಬಿಟ್ಟೆ. ಅವರು ಗುಮಾಸ್ತರಾಗಿದ್ದ ಮಿಲ್ಲು ಎರಡು ಗೋಡೆ ಆಚೆ ಇತ್ತು. ಅಳು ಬಂತು, ಅತ್ತೆ. ಮಿಲ್ಲಿನವರು ಕಣ್ಣಿಗೆ ಧೂಳು ಬಿದ್ದಿರಬೇಕೆಂದು ನೀರು ತಂದುಕೊಟ್ಟರು.

ಕೆಲಸವಂತೂ ಮಾಡಿದೆ, ಮತ್ತು ಸರಿಯಾಗಿ ಮಾಡಿದೆ. ಈ ಸಲ ಗುದ್ದಲಿಯಲ್ಲ, ಬೋರ್‌ವೆಲ್ ಗಾಡಿ ತರಿಸಿದೆವು. ಬಂಡೆ ಮೂವತ್ತೆಂಟು ಅಡಿವರೆಗೂ ಬಿಡಲಿಲ್ಲ; ಗಾಡಿಯವನು ತೆಲುಗಿನಲ್ಲಿ ಬಂಡೆಯ ವಂಶವನ್ನೆಲ್ಲ ಬೈದ. ಅರವತ್ತು ಅಡಿಗೆ ತೇವ ಸಿಕ್ಕಿತು. ತಾಮ್ರದ ರಾಡು ಇಳಿಸಿ, ನೀರು ಹಿಡಿದಿಟ್ಟುಕೊಳ್ಳುವ ಜೇಡಿಮಣ್ಣಿನ ಪುಡಿ ಕಲಸಿ ಸುತ್ತ ತುಂಬಿದೆವು. ಹತ್ತು ಅಡಿ ಅಂತರದಲ್ಲಿ ಇನ್ನೊಂದು. ಎರಡನ್ನೂ ತಾಮ್ರದ ಪಟ್ಟಿಯಿಂದ ಜೋಡಿಸಿ ಮೀಟರ್ ಕೋಣೆಗೆ ಒಯ್ದು, ಹಳೆಯ ತುಕ್ಕು ಪಟ್ಟಿ ಕಿತ್ತುಹಾಕಿದೆ. ಒಂದು ಹನಿ ನೀರನ್ನೂ ಹೊಯ್ಯದೆ, ಮೂರು ಬಿಸಿಲು ಕಾಯಲು ಬಿಟ್ಟು, ಆಮೇಲೆ ಅಳೆದೆ. ಎರಡು ಓಮಿಗಿಂತ ಕಡಿಮೆ ಬಂತು. ಸೆಕ್ರೆಟರಿ ನನ್ನ ಬೆನ್ನು ತಟ್ಟಿದರು. ಕೆಟ್ಟ ಸಿಟ್ಟು ಬಂತು, ನುಂಗಿಕೊಂಡೆ.

ಆಮೇಲೆ ಮನೆಮನೆಗೆ ಹೋಗಿ ಪ್ರತಿ ಸಾಕೆಟ್ಟಿನ ಮೂರನೇ ಪಿನ್ನು ಅಳೆದೆ. ಎಲ್ಲ ಕಡೆ ಸೊನ್ನೆ. ಸೋರುತ್ತಿದ್ದ ಗೀಜರು ಎರಡನೇ ಅಂತಸ್ತಿನಲ್ಲಿ ಸಿಕ್ಕಿತು. ಹೊಸ ಅರ್ಥ್ ಬಂದ ತಕ್ಷಣ ಅದು ಫ್ಯೂಸು ಹಾರಿಸಿಕೊಂಡು ತನ್ನನ್ನು ತಾನೇ ತೋರಿಸಿಕೊಟ್ಟಿತು. ಜನ ಚಹಾ ಕೊಟ್ಟರು, ಹಲಗೆಗಳನ್ನು ಮಾಳಿಗೆಗೆ ಸಾಗಿಸಿದರು. ಧಂದಾ ಎಂದಿದ್ದವರು ತಮ್ಮ ತಮ್ಮನ ಮನೆಯ ವೈರಿಂಗಿಗೆ ನನ್ನ ನಂಬರು ಬರೆದುಕೊಂಡರು. ಟೀಚರ ಮನೆಯನ್ನು ಕೊನೆಗೆ ಇಟ್ಟುಕೊಂಡಿದ್ದೆ. ಹೇಡಿತನ, ಇನ್ನೇನು.

ಬಾಗಿಲು ತೆಗೆದು ಆಕೆ ಪಕ್ಕಕ್ಕೆ ಸರಿದರು. ಮಂಚ ಇದ್ದ ಜಾಗ ಖಾಲಿ. ನೆಲದ ಮೇಲೆ ಅದರ ಕಾಲಿನ ನಾಲ್ಕು ಗುರುತು. ಏನು ಮಾತಾಡಬೇಕೋ ತಿಳಿಯದೆ, "ಆ ಪಟ್ಟಿ, ಸಾಕೆಟ್ಟು ಬಿಚ್ಚಿಕೊಂಡು ಹೋಗ್ತೀನ್ರಮ್ಮಾ. ಕೊಟ್ಟ ರೊಕ್ಕ ವಾಪಸ್ ಕೊಡ್ತೀನಿ" ಎಂದೆ.

"ಬ್ಯಾಡ್ರಿ. ಅರ್ಧ ಬಿಟ್ಟು ಹೋಗಬ್ಯಾಡ್ರಿ. ಮುಗಿಸ್ರಿ."

ಮುಗಿಸಿದೆ. ಬೋರ್ಡಿನಲ್ಲಿ ಎರಡು ತುದಿ ಸೇರಿಸಿ, ಹಸಿರು ತಂತಿಯನ್ನು ಹೊಸ ಪಟ್ಟಿಗೆ ಒತ್ತಿ ಬಿಗಿದು, ಎಂಸಿಬಿ ಎತ್ತಿದೆ. ಇಪ್ಪತ್ತು ನಿಮಿಷದ ಕೆಲಸ ಅದು. ಬಲ್ಬು ಹಚ್ಚಿ ತೋರಿಸಿದೆ, ಕಣ್ಣು ಕುಕ್ಕುವಂತೆ ಉರಿಯಿತು. ಆಕೆ ಗೋಡೆಗೆ ಒರಗಿ ನೋಡುತ್ತ ನಿಂತಿದ್ದರು. ಡಬ್ಬಿಯೊಳಗಿನ ಡ್ರೈಯರು ಹಾಗೇ ಇತ್ತು. ಅದನ್ನು ಹಲಕುಂದಿ ಕಡೆಯ ಯಾವುದೋ ವೃದ್ಧಾಶ್ರಮಕ್ಕೆ ಕೊಡುವುದಾಗಿ ಹೇಳಿದರು. ಬಾಕಿ ಹಣವನ್ನು ಕವರಿನಲ್ಲಿ ಹಾಕಿ ನನ್ನ ಟೂಲ್ ಬ್ಯಾಗಿನ ಮೇಲೆ ಇಟ್ಟರು. ಬೇಡ ಎಂದು ಕೈ ಮುಗಿದೆ. "ನೀವು ದುಡಿದದ್ದು, ತಗೊಳ್ರಿ" ಎಂದರು, ಶಾಲೆಯ ಮಕ್ಕಳಿಗೆ ಹೇಳುವ ಧ್ವನಿಯಲ್ಲಿ.

"ನನ್ನಿಂದ ತಪ್ಪಾತ್ರಮ್ಮಾ" ಎಂದೆ.

"ಡಾಕ್ಟರು ಹೇಳಿದ್ರು, ಹೆಂಗಿದ್ರೂ ಉಳೀತಿದ್ದಿಲ್ಲೇನೋ ಅಂತ. ಇರಬೌದು. ಆವತ್ತು ನೀವು ಎಲ್ಲಾರ ಮುಂದ ನಿಂತು ಖರೇ ಹೇಳಿದ್ರಿ. ಇಪ್ಪತ್ನಾಕು ಮನಿಗೂ ಛಲೋ ಆತು. ಅದಕ್ಕ ನಾನೇನು ಅನ್ನಂಗಿಲ್ಲ." ಸೀರೆಯ ಸೆರಗಿನಿಂದ ಸಾಕೆಟ್ಟಿನ ಮೇಲಿನ ಸಿಮೆಂಟಿನ ಪುಡಿ ಒರೆಸಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಒಂದ ಕೇಳ್ತೀನಿ ಭಾಯ್. ಹದಿನೇಳು ವರ್ಷ ತಡಕೊಂಡಿದ್ರಿ. ಇನ್ನ ಮೂರು ದಿನ ನಿಮಗ ತಡಕೊಳ್ಳಾಕ ಆಗ್ಲಿಲ್ಲೇನ್ರಿ?"

ಉತ್ತರಕ್ಕೆ ಕಾಯದೆ ಆಕೆ ಒಳಗೆ ಹೋದರು. ನಾನು ಕವರು ಅಲ್ಲೇ ಬಿಟ್ಟು ಬ್ಯಾಗು ಎತ್ತಿಕೊಂಡು ಮೆಟ್ಟಿಲಿಳಿಯುತ್ತಿದ್ದೆ, ಎರಡನೇ ಅಂತಸ್ತಿಗೆ ಬರುವಷ್ಟರಲ್ಲಿ ಹಿಂದಿನಿಂದ ಬಂದು ಕವರನ್ನು ನನ್ನ ಅಂಗಿಯ ಜೇಬಿಗೆ ತುರುಕಿ ಹೋದರು.